ಕಿಂಗ್‌ಸ್ಟನ್‌ನ ಇನ್ನೂರು ಮೀಟರ್: ಕಿರಿಯರ ಕಣದಲ್ಲಿ ಉಸೇನ್ ಬೋಲ್ಟ್

ಸಭೆಯಲ್ಲಿರುವ ಹಿರಿಯರಿಗೂ ಕ್ರೀಡಾಪ್ರೇಮಿಗಳಿಗೂ ನಮಸ್ಕಾರ.

ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ ನಮ್ಮಲ್ಲಿ ಅನೇಕರಿಗೆ ಪರಿಚಯವಾದದ್ದು ಕ್ರಿಕೆಟ್ಟಿನಿಂದ. 1976ರಲ್ಲಿ ಅಲ್ಲಿನ ಸಬೀನಾ ಪಾರ್ಕ್‌ನಲ್ಲಿ ವೆಸ್ಟ್ ಇಂಡೀಸಿನ ವೇಗದ ಬೌಲರ್‌ಗಳ ಎದುರು ನಮ್ಮ ಜಿ.ಆರ್. ವಿಶ್ವನಾಥ್ ಬೆರಳಿಗೂ ಬ್ರಿಜೇಶ್ ಪಟೇಲ್ ಬಾಯಿಗೂ ಪೆಟ್ಟು ತಿಂದದ್ದು ಹಿರಿಯರಿಗೆ ನೆನಪಿರಬಹುದು. ಅದೇ ಮೈದಾನದಲ್ಲಿ, ಅದಕ್ಕೂ 66 ವರ್ಷ ಮೊದಲು, 1910ರಲ್ಲಿ ಆರು ಶಾಲೆಗಳ ಹುಡುಗರು ಓಟದ ಸ್ಪರ್ಧೆಗೆ ಸೇರಿದ್ದರು. ಜಮೈಕಾದವರು ಇಂದು ಅಕ್ಕರೆಯಿಂದ ‘ಚಾಂಪ್ಸ್’ ಎಂದು ಕರೆಯುವ ಪ್ರೌಢಶಾಲಾ ಅಥ್ಲೆಟಿಕ್ಸ್ ಕೂಟ ಹುಟ್ಟಿದ್ದು ಅಲ್ಲಿ. ಉಸೇನ್ ಬೋಲ್ಟ್ ಕಿರಿಯರ ಕಣದಲ್ಲಿ ಬೆಳೆದ ಬಗೆಯನ್ನು ಹೇಳಲು ಹೊರಟ ನಾನು ಈ ಶಾಲಾ ಕೂಟದಿಂದಲೇ ಆರಂಭಿಸುವುದಕ್ಕೆ ಕಾರಣವಿದೆ. ಆ ಹುಡುಗನ ವೇಗ ಹುಟ್ಟಿನಿಂದ ಬಂದದ್ದಿರಬಹುದು, ಆದರೆ ಅದನ್ನು ಗುರುತಿಸಿ, ಗಡಿಯಾರದ ಮುಂದೆ ನಿಲ್ಲಿಸಿ, ಸೋಲಿಸಿ ಮತ್ತೆ ಓಡಿಸಿದ್ದು ಜಮೈಕಾದ ಶಾಲೆಗಳು ಎಂಬುದು ನನ್ನ ದೃಢವಾದ ನಂಬಿಕೆ.

ಬೋಲ್ಟ್ ಹುಟ್ಟಿದ್ದು 1986ರ ಆಗಸ್ಟ್ 21ರಂದು, ಟ್ರಿಲಾನಿ ಪ್ರಾಂತ್ಯದ ಶೆರ್ವುಡ್ ಕಂಟೆಂಟ್ ಎಂಬ ಸಣ್ಣ ಊರಿನಲ್ಲಿ. ತಂದೆ ತಾಯಿ ಅಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದರು. ನಮ್ಮ ಹೆಗ್ಗೆಣಸಿನ ಬಳಗಕ್ಕೆ ಸೇರಿದ ಹಳದಿ ಗೆಡ್ಡೆಯೊಂದು ಆ ಸೀಮೆಯ ಮುಖ್ಯ ಬೆಳೆ, ಮಗನ ಬಲಕ್ಕೆ ಅದೇ ಮೂಲವೆಂದು ತಂದೆ ಮುಂದೆ ಪತ್ರಕರ್ತರಿಗೆ ಹೇಳಿದ್ದುಂಟು. ಹುಡುಗನಿಗೆ ಇಷ್ಟವಿದ್ದದ್ದು ಕ್ರಿಕೆಟ್. ವಿಲಿಯಂ ನಿಬ್ ಸ್ಮಾರಕ ಪ್ರೌಢಶಾಲೆಗೆ ಸೇರಿದಾಗ, ಪಿಚ್‌ನ ಮೇಲೆ ಅವನ ಕಾಲಿನ ವೇಗವನ್ನು ಕಂಡ ಕ್ರಿಕೆಟ್ ತರಬೇತುದಾರರೇ ಅವನನ್ನು ಓಟದ ಕಡೆಗೆ ಕಳುಹಿಸಿದರು. ತಮ್ಮ ತಂಡಕ್ಕೆ ಒಬ್ಬ ವೇಗದ ಬೌಲರ್ ತಪ್ಪಿಹೋಗುತ್ತಾನೆಂದು ಗೊತ್ತಿದ್ದೂ ಹಾಗೆ ಮಾಡಿದ ಆ ಶಿಕ್ಷಕರ ಬಗ್ಗೆ ನನಗೆ ಬಹಳ ಗೌರವವಿದೆ. ಅಲ್ಲಿ ಅವನನ್ನು ತಿದ್ದಿದವರು ಸ್ವತಃ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಪಾಬ್ಲೊ ಮೆಕ್‌ನೀಲ್. ಹುಡುಗನಿಗೆ ಅಭ್ಯಾಸಕ್ಕಿಂತ ಕೀಟಲೆಯ ಮೇಲೆ ಒಲವು ಹೆಚ್ಚು ಎಂಬ ಕೊರಗು ಅವರಿಗಿತ್ತು.

2001ರ ಚಾಂಪ್ಸ್‌ನಲ್ಲಿ ಬೋಲ್ಟ್ 200 ಮೀಟರ್ ಓಟವನ್ನು 22.04 ಸೆಕೆಂಡುಗಳಲ್ಲಿ ಮುಗಿಸಿ ಎರಡನೆಯವನಾದ. ಅದೇ ವರ್ಷ ಹಂಗರಿಯ ಡೆಬ್ರೆಸೆನ್‌ನಲ್ಲಿ ನಡೆದ ವಿಶ್ವ ಯುವ ಕೂಟದಲ್ಲಿ 21.73ಕ್ಕೆ ಇಳಿದರೂ ಫೈನಲ್ ತಲುಪಲಿಲ್ಲ. ಹದಿನಾಲ್ಕು ವರ್ಷದ ಹುಡುಗನ ಓಟವಾಗಿ ಅದು ಸಣ್ಣದೇನಲ್ಲ, ಆದರೆ ಮುಂದಿನ ಬೇಸಿಗೆಯಲ್ಲಿ ಆಗಲಿದ್ದುದರ ಸುಳಿವು ಅದರಲ್ಲಿ ಇರಲಿಲ್ಲ.

2002ರ ಜುಲೈನಲ್ಲಿ ವಿಶ್ವ ಕಿರಿಯರ ಚಾಂಪಿಯನ್‌ಷಿಪ್ ಕಿಂಗ್‌ಸ್ಟನ್‌ನ ರಾಷ್ಟ್ರೀಯ ಕ್ರೀಡಾಂಗಣದಲ್ಲೇ ನಡೆಯಿತು. ಇಪ್ಪತ್ತರ ಒಳಗಿನವರು ಓಡುವ ಆ ಕೂಟದ 200 ಮೀಟರ್ ಫೈನಲ್‌ನ ದಿನ ಬೋಲ್ಟ್‌ನ ವಯಸ್ಸು 15 ವರ್ಷ 332 ದಿನ. ತವರಿನ ಪ್ರೇಕ್ಷಕರ ಕೂಗಿಗೆ ಹುಡುಗ ಎಷ್ಟು ಗಾಬರಿಗೊಂಡಿದ್ದನೆಂದರೆ, ಎಡಗಾಲಿನ ಸ್ಪೈಕ್ ಶೂವನ್ನು ಬಲಗಾಲಿಗೂ ಬಲಗಾಲಿನದನ್ನು ಎಡಗಾಲಿಗೂ ತೊಟ್ಟಿದ್ದ. ತಪ್ಪು ತಿಳಿದ ಮೇಲೆ ಅದನ್ನು ಸರಿಪಡಿಸಿಕೊಂಡೇ ಓಟ ಆರಂಭಿಸುವ ಬ್ಲಾಕಿಗೆ ಬಂದ. ಇನ್ನೂರು ಮೀಟರ್ ಓಟದ ಮೊದಲರ್ಧ ತಿರುವಿನಲ್ಲಿ ಸಾಗುತ್ತದೆ. ಉದ್ದ ಕಾಲಿನವರಿಗೆ ಅದು ಕಷ್ಟದ ಭಾಗ, ದೇಹ ಹೊರಕ್ಕೆ ಎಳೆಯುತ್ತಿದ್ದರೂ ಹೆಜ್ಜೆ ಗೆರೆಯೊಳಗೇ ಬೀಳಬೇಕು. ಆಗಲೇ ಆರಡಿ ದಾಟಿ ಬೆಳೆದಿದ್ದ ಈ ಹುಡುಗ ಆ ತಿರುವನ್ನು ಕಳೆದು ನೇರ ದಾರಿಗೆ ಬಂದ ಮೇಲೆ ಎದುರುಗಾಳಿಯಲ್ಲೂ ಅವನ ನೀಳ ಹೆಜ್ಜೆ ಕುಗ್ಗಲಿಲ್ಲ. ಕಾಲ 20.61 ಸೆಕೆಂಡು. ಅಲ್ಲಿಯವರೆಗೆ ಅಷ್ಟು ಎಳೆಯ ವಯಸ್ಸಿನಲ್ಲಿ ಯಾವ ಹುಡುಗನೂ ವಿಶ್ವ ಕಿರಿಯರ ಚಿನ್ನ ಗೆದ್ದಿರಲಿಲ್ಲ. ಎರಡು ರಿಲೇಗಳಲ್ಲಿ ಬೆಳ್ಳಿಯೂ ಬಂತು. ಇಪ್ಪತ್ತೆರಡು ಸೆಕೆಂಡಿನ ಹುಡುಗ ಒಂದೂಕಾಲು ವರ್ಷದಲ್ಲಿ ಸುಮಾರು ಒಂದೂವರೆ ಸೆಕೆಂಡು ಉಳಿಸಿದ್ದ. ಈ ದೂರದಲ್ಲಿ ಹತ್ತನೇ ಒಂದು ಸೆಕೆಂಡಿಗಾಗಿ ವರ್ಷಗಟ್ಟಲೆ ಬೆವರು ಸುರಿಸುವವರಿಗೆ ಇದರ ಅರ್ಥ ಗೊತ್ತು.

ಆ ಬಳಿಕ ದೇಶವೇ ಅವನ ಬೆನ್ನಿಗೆ ನಿಂತಿತು. ಪ್ರಧಾನಿ ಪಿ.ಜೆ. ಪ್ಯಾಟರ್ಸನ್ ಅವರ ಆಸಕ್ತಿಯಿಂದ ಅವನ ತರಬೇತಿ ಕಿಂಗ್‌ಸ್ಟನ್‌ಗೆ ಬದಲಾಯಿತು. 2003ರ ಚಾಂಪ್ಸ್‌ನಲ್ಲಿ 20.25, ಅದೇ ವರ್ಷ ಬಾರ್ಬಡೋಸಿನಲ್ಲಿ 20.13. ಅಮೆರಿಕದ ವಿಶ್ವವಿದ್ಯಾಲಯಗಳು ವಿದ್ಯಾರ್ಥಿವೇತನ ಮುಂದಿಟ್ಟು ಕರೆದವು, ಅವನು ಹೋಗಲಿಲ್ಲ. ಹಿಂದಿನ ತಲೆಮಾರಿನ ಎಷ್ಟೋ ಜಮೈಕಾ ಓಟಗಾರರಿಗೆ ಮೇಲೇರಲು ಅಮೆರಿಕದ ಕಾಲೇಜೇ ದಾರಿಯಾಗಿತ್ತು. ಆದರೆ 1980ರಲ್ಲಿ ಕ್ಯೂಬಾದ ನೆರವಿನಿಂದ ಆರಂಭವಾದ ಜಿ.ಸಿ. ಫಾಸ್ಟರ್ ದೈಹಿಕ ಶಿಕ್ಷಣ ಕಾಲೇಜು ದ್ವೀಪದ ಶಾಲೆಗಳಿಗೆ ತರಬೇತಿ ಪಡೆದ ಶಿಕ್ಷಕರನ್ನು ಕೊಡುತ್ತ ಬಂದಿದ್ದರಿಂದ, ಮನೆಯಲ್ಲೇ ಉಳಿಯುವುದು ಅಷ್ಟರಲ್ಲಿ ಸಾಧ್ಯವಾಗತೊಡಗಿತ್ತು.

2004ರ ಏಪ್ರಿಲ್‌ನಲ್ಲಿ ಬರ್ಮುಡಾದಲ್ಲಿ ನಡೆದ, ಕೆರಿಬಿಯನ್ ನಾಡುಗಳ ಕಿರಿಯರ ಕ್ಯಾರಿಫ್ಟಾ ಕೂಟದಲ್ಲಿ ಅವನು 19.93 ಸೆಕೆಂಡುಗಳಲ್ಲಿ ಗುರಿ ಮುಟ್ಟಿ, 200 ಮೀಟರನ್ನು ಇಪ್ಪತ್ತು ಸೆಕೆಂಡಿನೊಳಗೆ ಓಡಿದ ಮೊದಲ ಕಿರಿಯನಾದ. ಅದೇ ಆಗಸ್ಟ್‌ನಲ್ಲಿ, ತೊಡೆಯ ಹಿಂಬದಿಯ ಸ್ನಾಯುವಿನ ನೋವಿನೊಡನೆ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋಗಿ, 21.05ಕ್ಕೆ ಮೊದಲ ಸುತ್ತಿನಲ್ಲೇ ಹೊರಬಿದ್ದ. ಬೆಳೆಯುತ್ತಿರುವ ದೇಹಕ್ಕೆ ಅಷ್ಟು ವೇಗ ಹೊರೆಯಾಗುತ್ತದೆ, ಅವನ ಬೆನ್ನುಮೂಳೆಯಲ್ಲಿ ಹುಟ್ಟಿನಿಂದಲೇ ಸೊಟ್ಟ ಬೇರೆ ಇತ್ತು. ಕಿರಿಯರ ದಾಖಲೆಗಳನ್ನು ಕೊಂಡಾಡುವಾಗ ನಾವು ಈ ಭಾಗವನ್ನು ಓದದೆ ಬಿಡುತ್ತೇವೆ. ಆ ವರ್ಷದ ಕೊನೆಗೆ ಅವನ ಹೊಣೆ ಹೊತ್ತ ತರಬೇತುದಾರ ಗ್ಲೆನ್ ಮಿಲ್ಸ್, ಓಟದ ವೇಗಕ್ಕಿಂತ ಮೊದಲು ಬೆನ್ನು ಮತ್ತು ಸೊಂಟದ ಬಲದ ಕಡೆಗೆ ಗಮನ ಕೊಟ್ಟರು. ಬೀಜಿಂಗ್ ಒಲಿಂಪಿಕ್ಸ್‌ಗೆ ಇನ್ನೂ ಸುಮಾರು ನಾಲ್ಕು ವರ್ಷವಿತ್ತು.

ಬರ್ಮುಡಾದ ಆ 19.93 ಕಿರಿಯರ ಪಟ್ಟಿಯ ತುದಿಯಲ್ಲಿ ಹದಿನೇಳು ವರ್ಷ ನಿಂತಿತು. 2021ರ ಜೂನ್‌ನಲ್ಲಿ ಅಮೆರಿಕದ ಒಲಿಂಪಿಕ್ಸ್ ಆಯ್ಕೆ ಸ್ಪರ್ಧೆಯಲ್ಲಿ ಅದನ್ನು ಅಳಿಸಿದವನು ಎರಿಯನ್ ನೈಟನ್, ಅವನಿಗೂ ಆಗ ಹದಿನೇಳು ವರ್ಷ.