ಆರಡಿ ದಾಟಿದೋರಿಗೆ ಟೆಂಟ್ ಯಾಕೆ ಸಾಲಲ್ಲ?

ನಮಸ್ಕಾರ ಎಲ್ಲರಿಗೂ. ದಾವಣಗೆರೆಯ ಒಬ್ರು ಒಂದು ಪ್ರಶ್ನೆ ಕಳ್ಸಿದ್ರು, ಓದ್ತೀನಿ ಕೇಳಿ. "ಅಣ್ಣ, ನಾನು ಆರಡಿ ನಾಲ್ಕಿಂಚು. ಟೆಂಟ್ ಒಳಗಡೆ ಉದ್ದ 210 ಸೆಂಟಿಮೀಟರ್ ಅಂತ ಬರೆದಿತ್ತು, ನನ್ನ ಹೈಟು 193, ಆರಾಮಾಗಿ ಸಾಕು ಅಂತ ತಗೊಂಡೆ. ರಾತ್ರಿಯೆಲ್ಲಾ ಕಾಲು ಬಟ್ಟೆಗೆ ತಾಗ್ತಾ ಇತ್ತು. ಅಳತೆ ಸುಳ್ಳು ಬರೀತಾರಾ?"

ಈ ಪ್ರಶ್ನೆ ನಂಗೆ ಎದೆಗೇ ತಾಗ್ತು, ಯಾಕಂದ್ರೆ ನಾನೂ ಆರಡಿ ಮೂರಿಂಚು. ಹಿಮಾಚಲದಲ್ಲಿ ಹಂಪ್ಟಾ ಪಾಸ್ ಹೋದಾಗ ಬಾಲೂ ಕಾ ಘೇರಾ ಕ್ಯಾಂಪಲ್ಲಿ ಬಾಡಿಗೆ ಟೆಂಟಲ್ಲಿ ಮಲಗಿದ್ದೆ, ಬೆಳಗ್ಗೆ ಎದ್ದು ನೋಡಿದ್ರೆ ಸ್ಲೀಪಿಂಗ್ ಬ್ಯಾಗ್ ಕಾಲಿನ ಕಡೆ ಒಂದು ಮೊಳ ಒದ್ದೆ. ಮಳೆನೇ ಬಂದಿರ್ಲಿಲ್ಲ. ನಮ್ಮ ಉಸಿರಿನ ಆವಿನೇ ತಣ್ಣಗಿರೋ ಬಟ್ಟೆ ಮೇಲೆ ನೀರಾಗಿ ಕೂತಿರುತ್ತೆ, ಅದಕ್ಕೆ ನಮ್ಮ ಕಾಲು ಒತ್ಕೊಂಡಿದ್ರೆ ಆ ನೀರನ್ನ ಬ್ಯಾಗು ಹೀರ್ಕೊಳ್ಳುತ್ತೆ. ಅದರೊಳಗೆ ಇರೋದು ಬಾತುಕೋಳಿ ಪುಕ್ಕ ಆದ್ರೆ ಒದ್ದೆಯಾದ ತಕ್ಷಣ ಮುದ್ದೆಯಾಗಿ ಬೆಚ್ಚಗಿಡೋ ಶಕ್ತಿನೇ ಹೋಗುತ್ತೆ. ಅಷ್ಟು ಎತ್ತರದಲ್ಲಿ ಅದು ಸಣ್ಣ ತೊಂದರೆ ಅಲ್ಲ.

ಸರಿ, ಅಳತೆ ಸುಳ್ಳಾ? ಅಲ್ಲ. 210 ನಿಜಾನೇ, ಆದ್ರೆ ಅದು ನೆಲದ ಅಳತೆ. ನಾವು ಮಲಗೋದು ನೆಲದಲ್ಲಲ್ಲ.

[ಸ್ಕ್ರೀನ್ ಮೇಲೆ: ಮಲೆನಾಡ ಮನೆಯ ಅಟ್ಟದ ಫೋಟೋ]

ಇದನ್ನ ನೋಡಿ, ನಮ್ಮ ಅಜ್ಜಿ ಮನೆ ಅಟ್ಟ. ಹೆಂಚಿನ ಮಾಡು, ಎರಡೂ ಕಡೆ ಇಳಿಜಾರು. ಚಿಕ್ಕೋರಿದ್ದಾಗ ಸೌತೆಕಾಯಿ ತರೋಕೆ ಅಲ್ಲಿಗೆ ನಮ್ಮನ್ನೇ ಕಳಿಸ್ತಿದ್ರು. ನಡುವೆ ನೆಟ್ಟಗೆ ನಿಲ್ಬೋದು, ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದ್ರೆ ಬಗ್ಬೇಕು, ಇನ್ನೆರಡು ಹೆಜ್ಜೆಗೆ ಅಂಬೆಗಾಲು, ಕೊನೆ ಮೂಲೆಗೆ ಬರೀ ಕೈ ಮಾತ್ರ ಹೋಗುತ್ತೆ. ಅಟ್ಟದ ನೆಲ ಅಳೆದ್ರೆ ಕೆಳಗಿನ ಕೋಣೆಯಷ್ಟೇ ಅಗಲ ಬರುತ್ತೆ, ಆದ್ರೆ ಒಂದು ಬೀರು ತಂದು ಗೋಡೆಗೆ ಒರಗ್ಸಿ ಇಡಿ ನೋಡೋಣ, ಆಗಲ್ಲ! ಟೆಂಟೂ ಹಂಗೇ. ಅದು ಮಾಡು ಮಾತ್ರ ಇರೋ ಮನೆ, ಗೋಡೆನೇ ಇಲ್ಲ.

ಈಗ ನಂಬರ್ ಹಾಕೋಣ, ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ತೀನಿ, ಇಡೀ ವಿಡಿಯೋದಲ್ಲಿ ನಂಗೆ ತುಂಬಾ ಇಷ್ಟವಾದ ಭಾಗ ಇದೇ. ಮನೇಲಿ ಗಾಳಿ ತುಂಬೋ ಮ್ಯಾಟ್ ಹಾಸ್ಕೊಂಡು ಅಂಗಾತ ಮಲಗಿ ಅಮ್ಮನ ಕೈಲಿ ಅಳತೆ ತೆಗೆಸ್ದೆ. ಅಮ್ಮನ ಹತ್ರ ಇದ್ದಿದ್ದು ಹೊಲಿಗೆ ಟೇಪು, 60 ಇಂಚಿಗೇ ಮುಗಿಯುತ್ತೆ, ಹಿಮ್ಮಡಿಯಿಂದ ಶುರು ಮಾಡಿದ್ರೆ ನನ್ನ ಭುಜದ ಹತ್ರ ನಿಂತೋಗುತ್ತೆ, ಅಲ್ಲೊಂದು ಪಿನ್ನು ಚುಚ್ಚಿ ಮುಂದಕ್ಕೆ ಅಳೆದ್ರು. ಮ್ಯಾಟ್ ದಪ್ಪ 7 ಸೆಂಟಿಮೀಟರ್. ಅದರ ಮೇಲೆ ಕಾಲ್ಬೆರಳ ತುದಿ ಇನ್ನೂ 25 ಮೇಲೆ. ಅಂದ್ರೆ ನನ್ನ ಬೆರಳು ನೆಲದಿಂದ 32 ಸೆಂಟಿಮೀಟರ್ ಎತ್ತರದಲ್ಲಿದೆ. ಟೆಂಟಿನ ತುದಿ ಬಟ್ಟೆ ನೆಲಕ್ಕೆ 60 ಡಿಗ್ರಿ ಕೋನದಲ್ಲಿ ಇಳಿಜಾರಾಗಿದ್ರೆ, ಆ ಎತ್ತರಕ್ಕೆ ಬರೋಷ್ಟರಲ್ಲಿ ಬಟ್ಟೆ 18 ಸೆಂಟಿಮೀಟರ್ ಒಳಗೆ ಬಂದಿರುತ್ತೆ. ತಲೆ ಕಡೆ ದಿಂಬೂ ಸೇರಿ ಸುಮಾರು 15 ಹೋಗುತ್ತೆ. 210ರಲ್ಲಿ 33 ಕಳೀರಿ, ಉಳಿಯೋದು 177!

ಐದೂಮುಕ್ಕಾಲಡಿಗಿಂತ ಒಂಚೂರು ಜಾಸ್ತಿ, ಅಷ್ಟೇ. ಇದೇ ಇಳಿಜಾರು 45 ಡಿಗ್ರಿ ಇದ್ರೆ ಕಾಲಿನ ಕಡೆ ಒಂದರಲ್ಲೇ 32 ಸೆಂಟಿಮೀಟರ್ ಹೋಯ್ತು. ಇನ್ನೊಂದು ವಿಷಯ, ನಿದ್ದೆ ಬಂದಾಗ ಪಾದ ಸಡಿಲಾಗಿ ಮುಂದಕ್ಕೆ ಚಾಚ್ಕೊಳ್ಳುತ್ತೆ, ಹಾಗಾಗಿ ಮಲಗಿದಾಗ ನಾವು ನಿಂತಿದ್ದಕ್ಕಿಂತ ಉದ್ದ. ಮೇಲಿಂದ ಬ್ಯಾಗಿನ ದಪ್ಪ ಬೇರೆ. ದಾವಣಗೆರೆಯವ್ರೇ, ನಿಮ್ಮ ಕಾಲು ಯಾಕೆ ತಾಗ್ತು ಅಂತ ಈಗ ಗೊತ್ತಾಯ್ತಲ್ಲ.

ಹಾಗಾದ್ರೆ ನೋಡ್ಬೇಕಾಗಿರೋದು ಏನು? ತುದಿ ಗೋಡೆ ಎಷ್ಟು ನೆಟ್ಟಗಿದೆ ಅನ್ನೋದು. ಪ್ರಾಡಕ್ಟ್ ಪೇಜಲ್ಲಿ ಪಕ್ಕದಿಂದ ತೆಗೆದ ಫೋಟೋ ಇರುತ್ತೆ, ಅದನ್ನ ನೋಡಿ, ಎದುರಿಂದ ತೆಗೆದಿದ್ದು ಬೇಡ.

[ಸ್ಕ್ರೀನ್ ಮೇಲೆ: ಎಕ್ಸ್-ಮಿಡ್ ಮೇಲಿಂದ ನೋಡಿದ ಚಿತ್ರ]

ಇದಕ್ಕೆ ನಂಗೆ ಗೊತ್ತಿರೋ ಜಾಣ ಉತ್ತರ ಅಂದ್ರೆ ಕೆನಡಾದ ಡ್ಯಾನ್ ಡರ್ಸ್ಟನ್ ಅನ್ನೋರು ಡಿಸೈನ್ ಮಾಡಿರೋ ಎಕ್ಸ್-ಮಿಡ್. ಹೊರಗಿನ ಬಟ್ಟೆ ನೆಲದ ಮೇಲೆ ಆಯತ, ಒಳಗೆ ನಾವು ಮಲಗೋದು ಮೂಲೆಯಿಂದ ಮೂಲೆಗೆ ಓರೆಯಾಗಿ. ಸ್ಕೂಲಲ್ಲಿ ಕರ್ಣ ಅಂತ ಕಲಿತಿದ್ವಲ್ಲ, ಆಯತದಲ್ಲಿ ಅತೀ ಉದ್ದದ ಗೆರೆ ಅದೇ. ಟೆಂಟಿಗೆ ಬೇರೆ ಕೋಲೇ ಬೇಡ, ಕೈಲಿ ಹಿಡಿದು ನಡೆಯೋ ಎರಡು ಟ್ರೆಕ್ಕಿಂಗ್ ಪೋಲನ್ನೇ ನಿಲ್ಲಿಸ್ತೀವಿ, ಅವೂ ನಡುವಲ್ಲಿ ಎದುರುಬದುರು ಇಲ್ಲ, ಒಂದು ತಲೆ ಕಡೆಗೆ ಸರಿದಿದೆ, ಇನ್ನೊಂದು ಕಾಲಿನ ಕಡೆಗೆ. ಎತ್ತರ ಬೇಕಾಗಿರೋ ಕಡೆಗೇ ಎತ್ತರ ಸಿಕ್ತು! ಒಬ್ರ ಮಾಡೆಲ್ಲು ಒಂದು ಕೆ.ಜಿ. ಒಳಗೇ ಇದೆ. ಬಟ್ಟೆ ಪಾಲಿಯೆಸ್ಟರ್, ಅದೂ ನಮಗೆ ಒಳ್ಳೇದೇ, ಯಾಕಂದ್ರೆ ನೈಲಾನ್ ಒದ್ದೆಯಾದಾಗ ಹಿಗ್ಗಿ ಜೋತುಬೀಳುತ್ತೆ, ರಾತ್ರಿ ಬಿಗಿಯಾಗಿ ಕಟ್ಟಿದ್ದು ಬೆಳಗಿನ ಜಾವಕ್ಕೆ ಮುಖದ ಮೇಲೆ ಬಂದಿರುತ್ತೆ.

ಅದೇ ಕರ್ಣದ ಉಪಾಯ ಮಾಮೂಲಿ ಟೂ ಪರ್ಸನ್ ಟೆಂಟಲ್ಲೂ ಮಾಡ್ಬೋದು, ಒಬ್ರೇ ಇದ್ದಾಗ ಓರೆಯಾಗಿ ಮಲಗಿ. 210ಕ್ಕೆ 125 ಇರೋ ನೆಲದ ಕರ್ಣ 244 ಬರುತ್ತೆ. ಪೂರ್ತಿ ಸಿಗಲ್ಲ, ಮೈಗೂ ಅಗಲ ಇದೆಯಲ್ಲ, ಆದ್ರೂ ತಲೆಗೂ ಪಾದಕ್ಕೂ ಗೇಣುದ್ದ ಹತ್ರ ಜಾಗ ಸಿಗುತ್ತೆ. ಮ್ಯಾಟ್ ಮಾತ್ರ ತುದಿ ಚೂಪಾಗಿರೋದು ಇಟ್ಕೊಳ್ಳಿ, ಆಯತದ ಮ್ಯಾಟಿನ ಮೂಲೆಗಳು ಬಟ್ಟೆಗೆ ಗುದ್ದುತ್ವೆ. ಈಗಾಗ್ಲೇ ಟೆಂಟ್ ಇರೋರು ಹೊಸದು ಕೊಳ್ಳೋ ಮುಂಚೆ ಇದನ್ನೊಂದ್ಸಲ ಮಾಡಿ ನೋಡಿ ಅನ್ನೋದು ನನ್ನ ಕಳಕಳಿ.

ಟೈಮ್ ಆಗ್ತಾ ಬಂತು, ಉಳಿದಿದ್ದು ಬೇಗ ಬೇಗ ಹೇಳ್ತೀನಿ. ಕೂತಾಗಿನ ಎತ್ತರ: ನಂದು ಸುಮಾರು 98 ಸೆಂಟಿಮೀಟರ್, ಮ್ಯಾಟ್ ಸೇರಿ 105. ನಮ್ಮಲ್ಲಿ ತುಂಬಾ ಜನ ತಗೊಳ್ಳೋ ನೇಚರ್‌ಹೈಕ್ ಕ್ಲೌಡ್ ಅಪ್ 2 ನಡು ಎತ್ತರನೇ 100. ದುಡ್ಡಿಗೆ ಒಳ್ಳೆ ಟೆಂಟು, ಉದ್ದದೋರಿಗಲ್ಲ. ಬಿಗ್ ಆಗ್ನೆಸ್ ಕಾಪರ್ ಸ್ಪರ್ ಎರಡು ಜನದ್ದು 88 ಇಂಚು ಉದ್ದ, 40 ಇಂಚು ಎತ್ತರ, ಗೋಡೆ ಚೆನ್ನಾಗಿ ನೆಟ್ಟಗಿದೆ, ಆದ್ರೆ ಕೂತ್ರೆ ನನ್ನ ತಲೆಗೆ ಅದೂ ಸಾಲಲ್ಲ. ಝಡ್‌ಪ್ಯಾಕ್ಸ್ ಡ್ಯೂಪ್ಲೆಕ್ಸ್ 90 ಇಂಚು ಉದ್ದ, 48 ಎತ್ತರ, ತೂಕ ಅರ್ಧ ಕೆ.ಜಿ. ಮೇಲೆ ಸ್ವಲ್ಪ, ರೇಸಿನ ಹಾಯಿದೋಣಿಗಳಿಗೆ ಅಂತ ಹುಟ್ಟಿದ ಬಟ್ಟೆಯಿಂದ ಮಾಡಿರೋದು, ಒದ್ದೆಯಾದ್ರೂ ಹಿಗ್ಗಲ್ಲ. ಆದ್ರೆ ಅದು ಒಂದೇ ಪದರದ್ದು, ಆವಿ ನೀರು ನೇರವಾಗಿ ನಮಗೇ ತಾಗುತ್ತೆ, ಬೆಲೆನೂ ಜಾಸ್ತಿ, ಮೇಲೆ ಕಸ್ಟಮ್ಸ್. ನಮ್ಮ ಹವೆಗೆ ಎರಡು ಪದರನೇ ಇರ್ಲಿ ಅಂತೀನಿ.

ಪೋಲ್ ಮೇಲೆ ನಿಲ್ಲೋ ಟೆಂಟಿಗೆ ಗೂಟನೇ ಜೀವ. ಆಗ್ಲೇ ಹೇಳಿದ ಬಾಲೂ ಕಾ ಘೇರಾ ಕ್ಯಾಂಪಲ್ಲಿ ಬಾಲೂ ಅಂದ್ರೇನೇ ಮರಳು, ಅಂಥಾ ಕಡೆ ಗೂಟ ಹಿಡಿಯಲ್ಲ, ಹಗ್ಗಕ್ಕೆ ದೊಡ್ಡ ಕಲ್ಲು ಕಟ್ಬೇಕು. ಮತ್ತೆ ಸ್ಲೀಪಿಂಗ್ ಬ್ಯಾಗ್ ಆರಡಿ ದಾಟಿದೋರು ಲಾಂಗ್ ಸೈಜೇ ತಗೊಳ್ಳಿ. ಹಾಂ, ಎಲ್ಲಿ ಹಾಕ್ತೀರ ಅನ್ನೋದೂ ಮುಖ್ಯ: ಉತ್ತರಾಖಂಡದ ಬುಗ್ಯಾಲ್ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗೋದನ್ನ ಅಲ್ಲಿನ ಹೈಕೋರ್ಟು 2018ರಲ್ಲೇ ನಿಲ್ಸಿದೆ, ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲೂ ಅರಣ್ಯ ಇಲಾಖೆ ಅನುಮತಿ ಇಲ್ದೆ ಟೆಂಟ್ ಹಾಕ್ಬೇಡಿ.

ದಾವಣಗೆರೆಯವ್ರೇ, ನಿಮಗೆ ನನ್ನ ಉತ್ತರ: ಮೊದ್ಲು ಇರೋ ಟೆಂಟಲ್ಲೇ ಓರೆಯಾಗಿ ಮಲಗಿ ನೋಡಿ. ಆಗ್ಲಿಲ್ಲ ಅಂದ್ರೆ ನೆಲ 225 ಸೆಂಟಿಮೀಟರ್ ಮೇಲೆ, ಎತ್ತರ 115ರ ಹತ್ರ, ತುದಿ ನೆಟ್ಟಗೆ, ಎರಡು ಪದರ, ಹೀಗಿರೋದು ಹುಡುಕಿ. ಅಂಗಡೀಲಿ ಹಾಕಿಟ್ಟಿದ್ರೆ ಮ್ಯಾಟ್ ತಗೊಂಡೇ ಹೋಗಿ, ಶೂ ಬಿಚ್ಚಿ ಒಳಗೆ ಪೂರ್ತಿ ಮಲಗಿ, ಪಾದ ಸಡಿಲ ಬಿಡಿ. ಬೆರಳು ಬಟ್ಟೆಗೆ ತಾಗಿದ್ರೆ ವಾಪಸ್ ಬನ್ನಿ.