ಮೇಣ ಬೀಳದ ಬಟ್ಟೆಯನ್ನು ಬಾಟಿಕ್ ಅನ್ನಬೇಡಿ

ನಮಸ್ಕಾರ. ಇವತ್ತು ಕಸೂತಿ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಅದನ್ನು ಪಕ್ಕಕ್ಕಿಟ್ಟು ಕೂತಿದ್ದೇನೆ. ಕಾರಣ, ಹೋದ ವಾರದ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟ್.

ಹೋದ ವಾರ ಇಂಡೋನೇಷ್ಯಾದ ಜಾವಾ ದ್ವೀಪದ ಒಂದು ಬಾಟಿಕ್ ಕುಟುಂಬದ ಬಗ್ಗೆ ಹೇಳಿದ್ದೆ. ಅವರ ಮನೆಯಲ್ಲಿ ಒಂದು ಬಟ್ಟೆ ಮುಗಿಯೋದಕ್ಕೆ ಎರಡು, ಕೆಲವೊಮ್ಮೆ ಮೂರು ವರ್ಷ ಬೇಕು ಅಂದಿದ್ದೆ. ಅದಕ್ಕೆ ಒಬ್ಬರು ಬರೆದಿದ್ದಾರೆ: "ಮೂರು ವರ್ಷ ಯಾಕೆ ಮೇಡಂ? ನಮ್ಮ ಏರಿಯಾದಲ್ಲಿ ಬಾಟಿಕ್ ನೈಟಿ 350 ರೂಪಾಯಿಗೆ ಸಿಗುತ್ತೆ. ಡಿಸೈನ್ ಒಂದೇ ಅಲ್ವಾ?" ಅದಕ್ಕೆ ಲೈಕ್ ಮೇಲೆ ಲೈಕ್. ರಾತ್ರಿಯೆಲ್ಲ ಅದೇ ತಲೆಯಲ್ಲಿ ಓಡುತ್ತಿತ್ತು.

ಒಂದೇ ಅಲ್ಲ. ಬಾಟಿಕ್ ಅನ್ನೋದು ಡಿಸೈನ್ ಹೆಸರೇ ಅಲ್ಲ, ಕೆಲಸದ ಹೆಸರು. ಬಿಸಿ ಮೇಣದಿಂದ ಬಟ್ಟೆ ಮೇಲೆ ಬರೆಯುತ್ತಾರೆ. ಬಣ್ಣದಲ್ಲಿ ಅದ್ದುತ್ತಾರೆ. ಮೇಣ ಇರುವ ಕಡೆ ಬಣ್ಣ ಹತ್ತುವುದಿಲ್ಲ. ಆಮೇಲೆ ಕುದಿಯುವ ನೀರಿಗೆ ಹಾಕಿ ಮೇಣ ಬಿಡಿಸುತ್ತಾರೆ. ಇನ್ನೊಂದು ಬಣ್ಣ ಬೇಕಾ? ಮತ್ತೆ ಮೇಣ, ಮತ್ತೆ ಬಣ್ಣ, ಮತ್ತೆ ಕುದಿಸೋದು. ಮೇಣ ಬೀಳದಿದ್ದರೆ ಅದು ಬಾಟಿಕ್ ಅಲ್ಲ. ಅದು ಬಾಟಿಕ್ ಚಿತ್ರ ಇರುವ ಬಟ್ಟೆ, ಅಷ್ಟೇ.

ಮೇಣ ಬರೆಯುವ ಸಾಧನಕ್ಕೆ ಅಲ್ಲಿ ಚಾಂಟಿಂಗ್ ಅನ್ನುತ್ತಾರೆ. ಒಂದು ಹಿಡಿ, ಅದರ ತುದಿಗೆ ಹೆಬ್ಬೆರಳಷ್ಟು ತಾಮ್ರದ ಬಟ್ಟಲು, ಬಟ್ಟಲಿಗೊಂದು ಸಣ್ಣ ಕೊಕ್ಕು. ಜಾವಾದ ಯೋಗ್ಯಕರ್ತಾ ನಗರಕ್ಕೆ ಹೋದಾಗ ಅರ್ಧ ದಿನದ ಕ್ಲಾಸಿನಲ್ಲಿ ನಾನೂ ಕೈಗೆ ತೆಗೆದುಕೊಂಡಿದ್ದೆ. ಮೇಣ ಜಾಸ್ತಿ ಕಾದರೆ ಗೆರೆ ಹರಡುತ್ತದೆ. ಆರಿದರೆ ಕೊಕ್ಕಿನಲ್ಲೇ ಕಟ್ಟಿಕೊಳ್ಳುತ್ತದೆ. ಸರಿಯಾದ ಬಿಸಿ ಇರೋದು ಕೆಲವೇ ಕ್ಷಣ. ನನ್ನ ಪಕ್ಕ ಕೂತ ಅಜ್ಜಿ ಬಾಣಲೆಯಿಂದ ಮೇಣ ಮೊಗೆದು, ಕೊಕ್ಕಿಗೆ ಒಮ್ಮೆ ಫೂ ಅಂತ ಊದಿ, ಇಳಿಬಿಟ್ಟ ಬಟ್ಟೆಯ ಹಿಂದೆ ಎಡಗೈ ಕೊಟ್ಟು, ಗೆರೆ ಎಳೆದರು. ಒಂದೇ ದಪ್ಪ, ಒಂದೇ ಓಟ. ಮೊಗೆದು, ಊದಿ, ಎಳೆದು. ಮತ್ತೆ ಮೊಗೆದು. ಅವರು ಕಣ್ಣು ಮೇಲೆತ್ತಲಿಲ್ಲ.

ಕೈಯಿಂದ ಹೀಗೆ ಮಾಡಿದ್ದಕ್ಕೆ ಬಾಟಿಕ್ ತುಲಿಸ್ ಅನ್ನುತ್ತಾರೆ. ತುಲಿಸ್ ಅಂದರೆ ಬರೆಯೋದು. ನಾವೂ ರಂಗೋಲಿ ಬರೆಯೋದು ಅನ್ನುತ್ತೇವಲ್ಲ, ಹಾಗೆ. ಹೊಸ್ತಿಲಿಗೆ ರಂಗೋಲಿ ಸ್ಟಿಕರ್ ಅಂಟಿಸಿ "ನಾನು ರಂಗೋಲಿ ಬರೆದೆ" ಅಂತ ನಿಮ್ಮ ಅಮ್ಮನ ಹತ್ತಿರ ಹೇಳಿ ನೋಡಿ. ಒಪ್ಪುತ್ತಾರಾ?

ಈಗ ಆ ಕುಟುಂಬಕ್ಕೆ ಬರೋಣ. ಹೋದ ವಾರದ ವಿಡಿಯೋ ನೋಡದವರು ಇದು ಮುಗಿದ ಮೇಲೆ ಅದನ್ನೂ ನೋಡಿ, ಅದರಲ್ಲಿ ಬಟ್ಟೆಗಳ ಫೋಟೋ ತೋರಿಸಿದ್ದೇನೆ. ಜಾವಾದ ಉತ್ತರ ಕರಾವಳಿಯಲ್ಲಿ ಪೆಕಲೊಂಗಾನ್ ಇದೆ. ಅದರ ಹತ್ತಿರ ಕೆಡುಂಗ್‌ವುನಿ ಅಂತ ಊರು. ಅಲ್ಲಿ 1925ರಲ್ಲಿ ಉಯ್ ಸು ಚುನ್ ಮತ್ತು ಅವರ ಹೆಂಡತಿ ಕ್ವೀ ನೆಟ್ಟಿ ಬಾಟಿಕ್ ಶುರುಮಾಡಿದರು. ಚೀನಾ ಮೂಲದ ಮನೆತನ. ಆಮೇಲೆ ಮಗ ನಡೆಸಿದರು. 2002ರಿಂದ ಮೊಮ್ಮಗಳು ವಿದಿಯಾಂತಿ ವಿಜಾಯ ನಡೆಸುತ್ತಿದ್ದಾರೆ. ಮೂರು ತಲೆಮಾರು, ಒಂದೇ ಹಟ.

ಅವರ ಹೂವುಗಳನ್ನು ಹತ್ತಿರದಿಂದ ನೋಡಬೇಕು. ದೂರದಿಂದ ದಳಗಳು ಉಬ್ಬಿದ ಹಾಗೆ ಕಾಣುತ್ತವೆ, ನೆರಳು ಬಿದ್ದ ಹಾಗೆ. ಹತ್ತಿರ ಹೋದರೆ ಅದು ನೆರಳಲ್ಲ, ಬರೀ ಚುಕ್ಕಿಗಳು. ಸಾಸಿವೆಗಿಂತ ಸಣ್ಣ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದೊಂದು ಮೇಣದ ಹನಿ. ಬಟ್ಟೆಯ ಉದ್ದ ಸುಮಾರು ಎರಡೂವರೆ ಮೀಟರ್. ಮುಂಭಾಗ ಮುಗಿದ ಮೇಲೆ ಬಟ್ಟೆ ತಿರುಗಿಸಿ, ಹಿಂಭಾಗದಲ್ಲೂ ಅದೇ ಗೆರೆ, ಅದೇ ಚುಕ್ಕಿಯ ಮೇಲೆ ಮತ್ತೆ ಮೇಣ ಹಾಕುತ್ತಾರೆ. ಎರಡೂ ಕಡೆ ಒಂದೇ ಥರ. ಯಾವುದು ಮುಂದೆ, ಯಾವುದು ಹಿಂದೆ ಅಂತ ಹೇಳೋಕೆ ಆಗಲ್ಲ. ಮೂರು ವರ್ಷ ಎಲ್ಲಿ ಹೋಯಿತು ಅಂತ ಕೇಳಿದಿರಲ್ಲ, ಅಲ್ಲಿ ಹೋಯಿತು.

1942ರಿಂದ 1945ರವರೆಗೆ ಜಾವಾ ಜಪಾನಿನವರ ಕೈಯಲ್ಲಿತ್ತು. ಹತ್ತಿ ಬಟ್ಟೆಗೆ ಬರಗಾಲ. ಆಗ ಈ ಊರುಗಳ ಮನೆಗಳು ಏನು ಮಾಡಿದವು ಗೊತ್ತಾ? ಇದ್ದ ಬಟ್ಟೆಯ ಮೇಲೆ ಇನ್ನೂ ಜಾಸ್ತಿ ಬರೆದವು. ಹೂವು, ಚಿಟ್ಟೆ, ಅದರ ಹಿಂದೆ ತುಂಬ ಸಣ್ಣ ವಿನ್ಯಾಸ, ಖಾಲಿ ಜಾಗವೇ ಇಲ್ಲ. ಬಟ್ಟೆ ಕಡಿಮೆಯಾದಾಗ ಕೈಗಳು ಸುಮ್ನೆ ಕೂರಬಾರದಲ್ಲ. ಒಂದೇ ಬಟ್ಟೆಯ ಎರಡು ತುದಿಗೆ ಎರಡು ಬೇರೆ ವಿನ್ಯಾಸ. ಬೆಳಿಗ್ಗೆ ಒಂದು ತುದಿ ಕಾಣುವ ಹಾಗೆ ಉಡು, ಸಂಜೆ ತಿರುಗಿಸಿ ಉಡು. ಅದಕ್ಕೆ ಪಾಗಿ-ಸೋರೆ ಅನ್ನುತ್ತಾರೆ, ಬೆಳಿಗ್ಗೆ-ಸಂಜೆ ಅಂತ ಅರ್ಥ. ಆ ಕಾಲದ ಬಟ್ಟೆಗಳಿಗೆ ಹೊಕೊಕಾಯ್ ಅಂತಲೇ ಹೆಸರು. ಉಯ್ ಮನೆಯವರೂ ಅವನ್ನು ಮಾಡಿದ್ದಾರೆ.

ಇನ್ನೊಂದು ಮಾತು. 1960ರ ದಶಕದ ಕೊನೆಯಲ್ಲಿ ಇಂಡೋನೇಷ್ಯಾದಲ್ಲಿ ಚೀನಾ ಮೂಲದವರ ಮೇಲೆ ಹೆಸರು ಬದಲಾಯಿಸುವ ಒತ್ತಡ ಬಂತು. ಮಗ ಉಯ್ ಕಾಮ್ ಲಾಂಗ್ ಕಾಗದದಲ್ಲಿ ಮುಲ್ಯಾದಿ ವಿಜಾಯ ಆದರು. ಆದರೆ ಬಟ್ಟೆಯ ಮೂಲೆಯಲ್ಲಿ ಮೇಣದಿಂದ ಬರೆಯುವ ಸಹಿ ಮಾತ್ರ ಅಪ್ಪನ ಹೆಸರೇ. ಇವತ್ತಿಗೂ ಅದೇ. ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತ್ತು. ಆ ಸಹಿಯನ್ನು 350 ರೂಪಾಯಿಯ ಪ್ರಿಂಟ್ ಜೊತೆ ತೂಗುತ್ತೀರಾ?

"ಬಡವರು ಬಾಟಿಕ್ ಉಡಬಾರದಾ" ಅಂತ ಇನ್ನೊಂದು ಕಾಮೆಂಟ್. ದಯವಿಟ್ಟು ಈ ವಾದ ತರಬೇಡಿ. ಕಡಿಮೆ ಬೆಲೆಗೂ ನಿಜವಾದ ಬಾಟಿಕ್ ಇದೆ! ತಾಮ್ರದ ಅಚ್ಚನ್ನು ಬಿಸಿ ಮೇಣದಲ್ಲಿ ಅದ್ದಿ ಬಟ್ಟೆ ಮೇಲೆ ಒತ್ತುತ್ತಾರೆ. ಹತ್ತೊಂಬತ್ತನೇ ಶತಮಾನದಿಂದ ಇದೆ. ಹೆಸರು ಚಾಪ್. ನಮ್ಮ ಛಾಪಾ ಕಾಗದದ ಛಾಪಾಗೂ ಇದಕ್ಕೂ ನಂಟಿದೆ. ಬೇಗ ಆಗುತ್ತದೆ, ಅಗ್ಗವಾಗಿ ಸಿಗುತ್ತದೆ, ಆದರೂ ಬಾಟಿಕ್. ಯಾಕೆ? ಮೇಣ ಬಿದ್ದಿದೆ. ನನ್ನ ಜಗಳ ಬೆಲೆಯ ಜೊತೆ ಅಲ್ಲ, ಹೆಸರಿನ ಜೊತೆ.

"ಬಾಟಿಕ್ ನಮ್ಮ ದೇಶದ್ದೇ, ಅವರು ಕಲಿತದ್ದು" ಅನ್ನುವವರೂ ಬಂದಿದ್ದಾರೆ. ಗುಜರಾತಿನ ಪಟೋಲಾ ರೇಷ್ಮೆ ಬಟ್ಟೆ ಜಾವಾಕ್ಕೆ ಹೋಗಿತ್ತು, ನಿಜ. ಪೆಕಲೊಂಗಾನಿನ ಜ್ಲಾಂಪ್ರಾಂಗ್ ವಿನ್ಯಾಸ ಪಟೋಲಾ ನೋಡಿಯೇ ಹುಟ್ಟಿದ್ದು. ಆದರೆ ಹೋದದ್ದು ವಿನ್ಯಾಸ ಕಣ್ರೀ. ಚಾಂಟಿಂಗ್ ಹಿಡಿದ ಕೈ ಜಾವಾದ್ದು. ನೋಡಿ, ಮತ್ತೆ ನನ್ನ ಮಾತಿಗೇ ಬಂದಿರಿ. ವಿನ್ಯಾಸ ಬೇರೆ, ಬಾಟಿಕ್ ಬೇರೆ.

2009ರ ಅಕ್ಟೋಬರ್ 2ರಂದು ಯುನೆಸ್ಕೋ ಇಂಡೋನೇಷ್ಯಾದ ಬಾಟಿಕ್ ಅನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಈಗ ಪ್ರತಿವರ್ಷ ಆ ದಿನ ಬಾಟಿಕ್ ದಿನ. ಪಟ್ಟಿಗೆ ಸೇರಿದ್ದು ಕೈಯಿಂದ ಬಣ್ಣ ಹಾಕುವ ಆ ವಿದ್ಯೆ, ಅದರ ಅರ್ಥ, ಅದರ ಸುತ್ತಲಿನ ಬದುಕು. ಪ್ರಿಂಟಿಂಗ್ ಮೆಷೀನ್ ಸೇರಿಲ್ಲ!

ನನಗೂ ಒಮ್ಮೆ ಮೋಸ ಆಗಿದೆ. ಪ್ರವಾಸದಲ್ಲಿ ಒಂದು ಅಂಗಡಿಯಲ್ಲಿ ಕೈಕೆಲಸದ ಬಾಟಿಕ್ ಅಂತ ಒಳ್ಳೇ ಬೆಲೆ ಕೊಟ್ಟು ತಂದೆ. ರೂಮಿಗೆ ಬಂದು ತಿರುಗಿಸಿದರೆ ಹಿಂಭಾಗ ಬೆಳ್ಳಗೆ. ಗೆರೆಗಳು ಅರ್ಧಂಬರ್ಧ. ಬಣ್ಣ ಮೇಲೆ ಕೂತಿತ್ತು, ಒಳಗೆ ಹೋಗಿರಲಿಲ್ಲ. ದುಡ್ಡು ಹೋಯಿತು ಅನ್ನೋದಕ್ಕಿಂತ, ಆ ಅಜ್ಜಿಯ ಹೆಸರಿನಲ್ಲಿ ಮಾರಿದರಲ್ಲ ಅಂತ ಹೊಟ್ಟೆ ಉರಿಯಿತು. ಮೆಷೀನ್ ಬಟ್ಟೆ ಮಾರಿ, ಬೇಡ ಅನ್ನಲ್ಲ. ಪ್ರಿಂಟ್ ಅಂತ ಹೇಳಿ ಮಾರಿ. ಪ್ರಿಂಟ್ ಅನ್ನೋಕೆ ಏನು ಕಷ್ಟ? ಎರಡು ಅಕ್ಷರ!

ಮತ್ತೆ "ಈ ಕಾಲದಲ್ಲಿ ಇದೆಲ್ಲ ಯಾಕೆ" ಅನ್ನುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ, ಬೇಕಾಗಿಯೂ ಇಲ್ಲ. ಮೇಣ ಬೇಕು. ಮೇಣ ಇಲ್ಲದೆ ಇಲ್ಲ. ನೂರು ಸಲ ಕೇಳಿ, ನೂರು ಸಲ ಇದನ್ನೇ ಹೇಳುತ್ತೇನೆ.

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ನೈಟಿ ವ್ಯಾಪಾರ ಮಾಡುವ ಗೆಳೆಯರಿದ್ದರೆ ಅವರಿಗೂ ಕಳಿಸಿ. ಕಸೂತಿ ವಿಡಿಯೋ ಮುಂದಿನ ವಾರ. ಅದಾದ ಮೇಲೆ ಲಾಸೆಮ್ ಊರಿನ ಕೆಂಪು ಬಾಟಿಕ್. ಅಲ್ಲಿನವರು ಆ ಕೆಂಪಿಗೆ ಕೋಳಿ ರಕ್ತದ ಕೆಂಪು ಅನ್ನುತ್ತಾರೆ. ಅಷ್ಟರಲ್ಲಿ ನಿಮ್ಮ ಬೀರುವಿನಲ್ಲಿ ಬಾಟಿಕ್ ಅಂತ ಕೊಂಡದ್ದು ಏನಾದರೂ ಇದ್ದರೆ ತೆಗೆದು, ತಿರುಗಿಸಿ, ಹಿಂಭಾಗ ಹೇಗಿದೆ ಅಂತ ಕಾಮೆಂಟಿನಲ್ಲಿ ಬರೆಯಿರಿ. ಒಂದೊಂದನ್ನೂ ಓದುತ್ತೇನೆ.