ಅಂಗೈಯಗಲದ ಮಾರಿಯೋ

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಆಟದ ಬಗ್ಗೆ ಮಾತಾಡುತ್ತೇನೆ: ಸೂಪರ್ ಮಾರಿಯೋ ಲ್ಯಾಂಡ್. 1989ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ, ನಿಂಟೆಂಡೊ ಕಂಪನಿ ಕೈಯಲ್ಲಿ ಹಿಡಿದು ಆಡಲು ಮಾಡಿದ ಗೇಮ್ ಬಾಯ್ ಯಂತ್ರದ ಜೊತೆಗೇ ಬಿಡುಗಡೆಯಾಯಿತು. ನಮ್ಮ ಕಡೆ ಆಗಿನ ಮಕ್ಕಳ ಕೈಗೆ ಸಿಕ್ಕಿದ್ದು ಹೆಚ್ಚಾಗಿ ಬ್ರಿಕ್ ಗೇಮ್. ಹಾಗಾಗಿ ಇದನ್ನು ಆಡದವರೂ ಇಲ್ಲಿ ಇರಬಹುದು.

ಇದನ್ನು ಅರೆಬೆಂದ ಮಾರಿಯೋ ಅಂತ ಬದಿಗೆ ತಳ್ಳುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಟಿವಿಗೆ ಯಂತ್ರ ಜೋಡಿಸಿ ಆಡುತ್ತಿದ್ದ ಹಳೇ ಮಾರಿಯೋ ಆಟಗಳ ಹಾಗೇ, ಅಂದರೆ ಟಿವಿಯ ಮಾರಿಯೋನ ಹಾಗೇ ಆಗಲು ಹೊರಟ ಕಡೆ ಈ ಆಟ ಸೋಲುತ್ತದೆ. ತನ್ನ ದಾರಿ ತಾನು ಹಿಡಿದ ಕಡೆ ಗೆಲ್ಲುತ್ತದೆ.

ಪರದೆಯನ್ನೇ ನೋಡಿ. ಅಡ್ಡಕ್ಕೆ 160 ಚುಕ್ಕೆ, ಎತ್ತರಕ್ಕೆ 144. ಟಿವಿಗೆ ಹಾಕುತ್ತಿದ್ದ ನಿಂಟೆಂಡೊ ಯಂತ್ರದಲ್ಲಿ 256 ಮತ್ತು 240. ಬಣ್ಣವಿಲ್ಲ, ನಾಲ್ಕೇ ಛಾಯೆ. ಪೂರ್ತಿ ಆಟ ಬರೀ 64 ಕಿಲೋಬೈಟ್. ಆ ಎಲ್‌ಸಿಡಿ ಪರದೆಯೂ ನಿಧಾನದ್ದು, ಓಡುವ ಚಿತ್ರದ ಹಿಂದೆ ಮಸುಕು ಉಳಿದುಬಿಡುತ್ತಿತ್ತು. ನಿಂಟೆಂಡೊದ ಗುನ್‌ಪೇ ಯೊಕೊಯಿ ಅವರ ತಂಡ ಇದಕ್ಕೆ ತಕ್ಕ ಹಾಗೆ ಆಟ ಕಟ್ಟಿತು. ನಿರ್ದೇಶನ ಸತೋರು ಒಕಾಡ ಅವರದು. ಮಾರಿಯೋನ ಸೃಷ್ಟಿಕರ್ತ ಮಿಯಾಮೊಟೊ ಇದರಲ್ಲಿ ಕೈ ಹಾಕಲಿಲ್ಲ. ಹಿನ್ನೆಲೆ ಬಹುಪಾಲು ಖಾಲಿ, ಮಾರಿಯೋ ಪುಟಾಣಿ. ಅದಕ್ಕೇ ಮುಂದಿನ ಗುಂಡಿ, ಮುಂದಿನ ಶತ್ರು ಮೊದಲೇ ಕಾಣುತ್ತವೆ. ಇನ್ನೊಂದು ಜೀವ ಕೊಡುವ ಅಣಬೆಯ ಜಾಗದಲ್ಲಿ ಇಲ್ಲಿ ಹೃದಯದ ಚಿತ್ರವಿದೆ. ಬಣ್ಣವೇ ಇಲ್ಲದಿದ್ದರೆ ಮಾರಿಯೋನನ್ನು ದೊಡ್ಡವನಾಗಿಸುವ ಅಣಬೆ ಯಾವುದು, ಜೀವ ಕೊಡುವುದು ಯಾವುದು ಅಂತ ಗೊತ್ತಾಗುವುದು ಹೇಗೆ, ಅಲ್ವಾ?

ನನಗೆ ತುಂಬಾ ಇಷ್ಟವಾದದ್ದು ಸೂಪರ್‌ಬಾಲ್. ಹೂವು ಸಿಕ್ಕಿದರೆ ಮಾರಿಯೋ ಇಲ್ಲಿ ಬೆಂಕಿ ಎಸೆಯುವುದಿಲ್ಲ, ಚೆಂಡು ಎಸೆಯುತ್ತಾನೆ. ಅದು ಓರೆಯಾಗಿ ಹೋಗಿ ನೆಲಕ್ಕೆ, ಗೋಡೆಗೆ, ಸೂರಿಗೆ ಬಡಿದು ಪುಟಿಯುತ್ತದೆ. ಕೊಳವೆಯೊಳಗಿನ ಗುಪ್ತ ಕೋಣೆಗೆ ಇಳಿದು ಒಮ್ಮೆ ಎಸೆದು ನೋಡಿ. ನೀವು ಸುಮ್ನೆ ನಿಂತಿದ್ದರೂ ಚೆಂಡೇ ಸುತ್ತಾಡಿ ನಾಣ್ಯ ಬಾಚಿಕೊಂಡು ಬರುತ್ತದೆ. ಎಲ್ಲಿ ನಿಂತು ಎಸೆದರೆ ಎಷ್ಟು ನಾಣ್ಯ ಸಿಗುತ್ತದೆ ಅಂತ ಲೆಕ್ಕ ಹಾಕುವುದೇ ಒಂದು ಪುಟ್ಟ ಆಟ. ಈ ಕೆಲಸ ಟಿವಿ ಮಾರಿಯೋನ ಬೆಂಕಿಯುಂಡೆಯಿಂದ ಆಗುತ್ತಿರಲಿಲ್ಲ.

ಆಮೆಯನ್ನು ತುಳಿದರೆ ಚಿಪ್ಪು ಒದೆಯಲು ಸಿಗುವುದಿಲ್ಲ, ಬಾಂಬಿನ ಹಾಗೆ ಸಿಡಿಯುತ್ತದೆ. ಹಳೇ ಅಭ್ಯಾಸದವರು ಒದೆಯಲು ಹೋಗಿ ಸಾಯುತ್ತಾರೆ. ಎರಡು ಹಂತಗಳಲ್ಲಂತೂ ಮಾರಿಯೋ ಜಿಗಿಯುವುದೇ ಇಲ್ಲ. ಒಂದರಲ್ಲಿ ಜಲಾಂತರ್ಗಾಮಿ, ಇನ್ನೊಂದರಲ್ಲಿ ವಿಮಾನ ಏರಿ ಗುಂಡು ಹಾರಿಸುತ್ತಾನೆ. ಹಿರೊಕಾಜು ತನಾಕ ಅವರ ಸಂಗೀತ ಆ ಪುಟ್ಟ ಸ್ಪೀಕರಿನಲ್ಲೂ ಕಳೆಗಟ್ಟುತ್ತದೆ.

ಈಗ ದೋಷ. ದೊಡ್ಡದು ಜಿಗಿತದಲ್ಲೇ ಇದೆ. ಕಟ್ಟೆಯಿಂದ ಕಟ್ಟೆಗೆ ಹಾರುತ್ತಾ ಸಾಗುವ ಇಂಥ ಪ್ಲಾಟ್‌ಫಾರ್ಮ್ ಆಟಕ್ಕೆ ಜಿಗಿತವೇ ಜೀವಾಳ. ಟಿವಿಯ ಮಾರಿಯೋನಿಗೆ ಒಂದು ತೂಕವಿದೆ, ಓಟದ ರಭಸ ಗಾಳಿಯಲ್ಲೂ ಮುಂದುವರಿಯುತ್ತದೆ. ಇಲ್ಲಿ ಅಂಚು ದಾಟಿದನೋ, ಕಲ್ಲಿನಂತೆ ನೇರ ಕೆಳಗೆ. ಇಷ್ಟು ಚಿಕ್ಕ ಕಟ್ಟೆಗಳ ಮೇಲೆ ಇಳಿಯಬೇಕಾದಾಗ ಅದು ಕಾಡುತ್ತದೆ. ಬೇರೆ ಬಗೆಯ ಜಿಗಿತ ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಹಂತಗಳನ್ನು ಹಳೇ ಜಿಗಿತ ನೆನಪಿಟ್ಟುಕೊಂಡೇ ಕಟ್ಟಿದ ಹಾಗಿದೆ.

ಇನ್ನು ಉದ್ದ. ಇರುವುದು 12 ಹಂತ. ಕೈ ಪಳಗಿದವರು ಒಂದು ಗಂಟೆಯೊಳಗೆ ಮುಗಿಸುತ್ತಾರೆ. ಆಟ ಉಳಿಸಿಡುವ ಸೌಲಭ್ಯವಿಲ್ಲ. ಬಸ್ಸಿನಲ್ಲಿ ಆಡುವ ಆಟಕ್ಕೆ ಇದು ನಿಜಕ್ಕೂ ಕೊರತೆ. ಮುಗಿಸಿದ ಮೇಲೆ ಇನ್ನೂ ಕಷ್ಟದ ಸುತ್ತು ಸಿಗುತ್ತದೆ ನಿಜ, ಆದರೆ ಜಾಗಗಳು ಅವೇ.

1992ರಲ್ಲಿ ಎರಡನೇ ಭಾಗ ಬಂತು. ಆಟ ತುಂಬಿದ ಕಾರ್ಟ್ರಿಜ್‌ನ ಸಾಮರ್ಥ್ಯ 8 ಪಟ್ಟು ದೊಡ್ಡದು, 512 ಕಿಲೋಬೈಟ್. ಆಟ ಉಳಿಸಿಡಬಹುದು, ಮಾರಿಯೋ ದುಂಡಗೆ, ಅಂದವಾಗಿ ಕಾಣುತ್ತಾನೆ. ಬಹಳ ಜನ ಇದೇ ಮೇಲು ಅನ್ನುತ್ತಾರೆ. ಆದರೆ ಪರದೆ ಅಷ್ಟೇ ಇದ್ದು ಮಾರಿಯೋ ಮಾತ್ರ ದೊಡ್ಡವನಾದರೆ, ಮುಂದಿನ ದಾರಿ ಕಾಣುವುದು ಕಮ್ಮಿಯಾಗುತ್ತದೆ. ಅದಕ್ಕೇ ಆಟದ ವೇಗವೂ ತಗ್ಗಿದೆ. ಜೊತೆಗೆ, ಜೀವಗಳೆಲ್ಲ ಮುಗಿದರೆ ದೊಡ್ಡ ಶತ್ರುಗಳನ್ನು ಸೋಲಿಸಿ ಗೆದ್ದ ಚಿನ್ನದ ನಾಣ್ಯಗಳೆಲ್ಲ ವಾಪಸ್ ಹೋಗುತ್ತವೆ. ಮೊದಲ ಭಾಗದ ಚುರುಕು ನನಗೆ ಅದರಲ್ಲಿ ಸಿಗುವುದಿಲ್ಲ.

ಮಾತು ಇಷ್ಟು. ಈಗ ಮೊದಲ ಭಾಗದ ಒಂದು ಗುಪ್ತ ಕೋಣೆಯನ್ನು ಆಡಿ ತೋರಿಸುತ್ತೇನೆ, ಚೆಂಡು ಎತ್ತ ಪುಟಿಯುತ್ತದೆ ಅಂತ ನೀವೇ ಊಹಿಸಿ ಹೇಳಿ.